ಹಳೆಯ ಸ್ಪೋರ್ಟ್ಸ್ ಕಾರಿನ ಕೂಲೆಂಟ್ ಸೋರಿಕೆ ಮತ್ತು ಕೈಪಂಪಿನ ಪ್ರೆಶರ್ ಟೆಸ್ಟರ್

ಎಂಜಿನ್ ಆಸನಗಳ ಹಿಂದೆಯೂ ರೇಡಿಯೇಟರ್ ಕಾರಿನ ಮೂತಿಯಲ್ಲಿಯೂ ಇರುವ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟ್ ಕಡಿಮೆಯಾಗುತ್ತಿರುವುದು ಬೇಗ ತಿಳಿದರೂ ಅದು ಎಲ್ಲಿ ಹೋಗುತ್ತಿದೆ ಎಂಬುದು ಸುಲಭವಾಗಿ ತಿಳಿಯುವುದಿಲ್ಲ. ಕಾರಿನ ಉದ್ದಕ್ಕೂ ಹಾದುಹೋಗುವ ಕೊಳವೆಗಳು, ಅವುಗಳ ಎರಡೂ ತುದಿಗಳಲ್ಲಿರುವ ರಬ್ಬರ್ ಹೋಸ್‌ಗಳು, ಎಲ್ಲವನ್ನೂ ಕೆಳಗಿನಿಂದ ಮುಚ್ಚಿರುವ ತಟ್ಟೆ, ಇವುಗಳ ನಡುವೆ ಜಿನುಗಿದ ದ್ರವವು ನೆಲಕ್ಕೆ ಬೀಳುವ ಮೊದಲೇ ಹರಡಿ ಆರಿಹೋಗುತ್ತದೆ. ನನ್ನ ಕಾರಿನಲ್ಲಿಯೂ ಇದೇ ಸ್ಥಿತಿ ಇತ್ತು. ಬಿಸಿಯಾಗಿ ಹಿಗ್ಗುವ ಕೂಲೆಂಟಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನಲ್ಲಿ ದ್ರವದ ಮಟ್ಟ ಇಳಿಯುತ್ತಿತ್ತು, ಆದರೆ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಕಾಣುತ್ತಿರಲಿಲ್ಲ. ಊಹೆಯ ಮೇಲೆ ವಾಟರ್ ಪಂಪನ್ನೋ ರೇಡಿಯೇಟರನ್ನೋ ಬದಲಾಯಿಸುವ ಬದಲು ಕೈಪಂಪಿನ ಪ್ರೆಶರ್ ಟೆಸ್ಟರ್ ಕಿಟ್ ಒಂದನ್ನು ಕೊಂಡು ಬಳಸಿದೆ.

ಕಿಟ್‌ನಲ್ಲಿ ಒತ್ತಡ ತೋರಿಸುವ ಗೇಜ್ ಜೋಡಿಸಿದ ಕೈಪಂಪು, ಒಂದು ಮೆದುಕೊಳವೆ, ಬೇರೆ ಬೇರೆ ಅಳತೆಯ ಅಡಾಪ್ಟರ್‌ಗಳು ಮತ್ತು ಟ್ಯಾಂಕಿನ ಮುಚ್ಚಳವನ್ನೇ ಪ್ರತ್ಯೇಕವಾಗಿ ಪರೀಕ್ಷಿಸಲು ಬೇಕಾದ ಒಂದು ತುಂಡು ಇವೆ. ಮುಚ್ಚಳದ ಜಾಗದಲ್ಲಿ ಅಡಾಪ್ಟರ್ ತಿರುಗಿಸಿ ಪಂಪು ಒತ್ತಿದರೆ, ಎಂಜಿನ್ ಬಿಸಿಯಾದಾಗ ವ್ಯವಸ್ಥೆಯೊಳಗೆ ಉಂಟಾಗುವ ಒತ್ತಡವನ್ನು ಎಂಜಿನ್ ತಣ್ಣಗಿರುವಾಗಲೇ ಉಂಟುಮಾಡಬಹುದು. ಇದೇ ಈ ಸಾಧನದ ಮುಖ್ಯ ಗುಣ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಮಿಶ್ರಣವು ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ; ಒಂದು ಬಾರ್ (ಸುಮಾರು ವಾತಾವರಣದ ಒತ್ತಡದಷ್ಟು) ಹೆಚ್ಚುವರಿ ಒತ್ತಡವಿದ್ದರೆ ಸುಮಾರು 130 ಡಿಗ್ರಿಯವರೆಗೂ ಕುದಿಯದೆ ನಿಲ್ಲುತ್ತದೆ. ಆದ್ದರಿಂದಲೇ ಕಾರಿನ ಕೂಲಿಂಗ್ ವ್ಯವಸ್ಥೆಯನ್ನು ಒತ್ತಡದಲ್ಲಿ ಇಡುತ್ತಾರೆ, ಆ ಒತ್ತಡವೇ ಸಣ್ಣ ಬಿರುಕಿನಿಂದ ದ್ರವವನ್ನು ಹೊರದೂಡುತ್ತದೆ. ಬಿಸಿ ಎಂಜಿನ್ನಿನ ಬಳಿ ಕೈಯಿಟ್ಟು ಹುಡುಕುವುದು ಅಪಾಯ, ಜೊತೆಗೆ ಹೊರಬಂದ ದ್ರವ ಬಿಸಿ ಲೋಹದ ಮೇಲೆ ಆವಿಯಾಗಿ ಮರೆಯಾಗುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಹನಿ ಹನಿಯಾಗಿಯೇ ಉಳಿಯುತ್ತದೆ.

ಎಷ್ಟು ಒತ್ತಡ ಕೊಡಬೇಕೆಂಬುದನ್ನು ಮುಚ್ಚಳದ ಮೇಲಿನ ಅಂಕಿಯೇ ಹೇಳುತ್ತದೆ. ನನ್ನ ಕಾರಿನದು 1.1 ಬಾರ್. ಅದಕ್ಕಿಂತ ಹೆಚ್ಚು ಒತ್ತಡ ಕೊಡಬಾರದು, ಏಕೆಂದರೆ ವರ್ಷಗಳಿಂದ ಬಿಸಿಯುಂಡು ಪೆಡಸಾದ ಪ್ಲಾಸ್ಟಿಕ್ ಟ್ಯಾಂಕು ಪರೀಕ್ಷೆಯಲ್ಲಿಯೇ ಒಡೆಯಬಹುದು. ಕಿಟ್‌ನ ಕೈಪಿಡಿ ಈ ಎಚ್ಚರಿಕೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದೆ, ಅದು ಸಾಲದು. ಕೈಪಿಡಿಯಲ್ಲಿ ಇಲ್ಲವೇ ಇಲ್ಲದ ಇನ್ನೊಂದು ವಿಷಯ ಹೆಚ್ಚು ಮುಖ್ಯವಾದದ್ದು. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಪರೀಕ್ಷೆ ಮಾಡಿದರೆ ಒಳಗಿನ ದ್ರವವೂ ಗಾಳಿಯೂ ತಣಿದು ಕುಗ್ಗುತ್ತಾ ಹೋಗಿ, ಎಲ್ಲಿಯೂ ಸೋರಿಕೆ ಇಲ್ಲದಿದ್ದರೂ ಗೇಜಿನ ಮುಳ್ಳು ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಪರೀಕ್ಷಿಸುವುದೇ ಸರಿ.

ಸಾಧನವೇ ಸೋರುತ್ತಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಈ ಕಿಟ್‌ನ ದೊಡ್ಡ ದೋಷ ಇಲ್ಲಿಯೇ ಇದೆ. ಅಡಾಪ್ಟರ್‌ಗಳ ರಬ್ಬರ್ ಉಂಗುರಗಳು ಒಣಗಿದ್ದವು, ಮತ್ತು ಮೆದುಕೊಳವೆಯ ಕೀಲಿನಲ್ಲಿ ಸೋಪಿನ ನೀರು ಹಚ್ಚಿದಾಗ ಗುಳ್ಳೆಗಳು ಎದ್ದವು. ಉಂಗುರಗಳನ್ನು ಬದಲಾಯಿಸಿ ಸಿಲಿಕೋನ್ ಗ್ರೀಸ್ ಸವರಿದ ಮೇಲೆ ಮುಳ್ಳು ನಿಂತಿತು. ಇದನ್ನು ಪರೀಕ್ಷಿಸದೆ ನೇರವಾಗಿ ಕಾರಿಗೆ ಜೋಡಿಸುವವರು ಇಲ್ಲದ ಸೋರಿಕೆಯನ್ನು ಹುಡುಕುತ್ತಾ ಕೂರಬೇಕಾಗುತ್ತದೆ, ಹಾಗಾಗಿ ತಯಾರಕರು ಇದನ್ನು ಸರಿಪಡಿಸಲೇಬೇಕು. ಗೇಜಿನ ಅಂಕಿಗಳೂ ಚಿಕ್ಕವು. ಅಳತೆ 2.5 ಬಾರ್‌ವರೆಗೆ ಇರುವುದರಿಂದ ಹಳೆಯ ಕಾರುಗಳಿಗೆ ಬೇಕಾಗುವ ಭಾಗವೆಲ್ಲ ಅದರ ಮೊದಲರ್ಧದಲ್ಲಿಯೇ ಇರುತ್ತದೆ, ಮತ್ತು 0.1 ಬಾರ್‌ನಷ್ಟು ಇಳಿತವನ್ನು ಗುರುತಿಸಲು ಮುಳ್ಳಿನ ಪಕ್ಕ ಒಂದು ಗುರುತು ಹಾಕಿಕೊಳ್ಳಬೇಕಾಗುತ್ತದೆ.

ಇಷ್ಟಾದ ಮೇಲೆ ಸಾಧನ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಒಂದು ಬಾರ್‌ಗೆ ಏರಿಸಿದ ಒತ್ತಡವು ಕಾಲು ಗಂಟೆಯೊಳಗೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಕೆಳಗಿನ ತಟ್ಟೆಯನ್ನು ಬಿಚ್ಚಿ, ಒತ್ತಡವನ್ನು ಮತ್ತೆ ಏರಿಸಿ, ದೀಪ ಹಿಡಿದು ನೋಡಿದಾಗ ರೇಡಿಯೇಟರಿನ ಅಂಚುಗಳು ಒಣಗಿಯೇ ಇದ್ದವು. ವಾಟರ್ ಪಂಪಿನ ಸೀಲು ಹಾಳಾದರೆ ದ್ರವ ಹೊರಬರಲೆಂದೇ ಇಟ್ಟಿರುವ ಸಣ್ಣ ರಂಧ್ರದಲ್ಲಿಯೂ ತೇವವಿರಲಿಲ್ಲ. ಬಿಸಿ ಕೂಲೆಂಟಿನಿಂದ ಕಾರಿನ ಒಳಭಾಗವನ್ನು ಬೆಚ್ಚಗಿಡುವ ಹೀಟರ್ ಕೋರ್ ಸೋರಿದ್ದರೆ ಗಾಜಿನ ಮೇಲೆ ಜಿಡ್ಡಿನ ಮಂಜು ಕಟ್ಟಿ ಸಿಹಿ ವಾಸನೆ ಬರಬೇಕಿತ್ತು, ಅದೂ ಇರಲಿಲ್ಲ. ಹನಿ ಕಂಡದ್ದು ಉಕ್ಕಿನ ಕೊಳವೆಗೆ ರಬ್ಬರ್ ಹೋಸ್ ಸೇರುವ ಜಾಗದಲ್ಲಿ. ಹೋಸನ್ನು ಕಳಚಿದಾಗ ಅದರ ಅಡಿಯಲ್ಲಿ ಕೊಳವೆಯ ತುದಿ ತುಕ್ಕು ತಿಂದು ಗುಳಿಬಿದ್ದಿತ್ತು. ಹೊರಗಿನಿಂದ ಕ್ಲಾಂಪೂ ಹೋಸೂ ಎರಡೂ ಸರಿಯಾಗಿಯೇ ಕಾಣುತ್ತಿದ್ದುದರಿಂದ, ಒತ್ತಡ ಕೊಡದೆ ಇದನ್ನು ಪತ್ತೆಹಚ್ಚಲು ಸಾಧ್ಯವಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಇಂತಹ ಜಾಗದಲ್ಲಿ ಕ್ಲಾಂಪನ್ನು ಇನ್ನಷ್ಟು ಬಿಗಿಮಾಡುವುದು ಪರಿಹಾರವಲ್ಲ. ಗುಳಿಗಳ ಮೂಲಕ ದ್ರವ ದಾರಿ ಮಾಡಿಕೊಂಡೇ ಹೋಗುತ್ತದೆ. ಕೊಳವೆಯನ್ನೂ ಅದರ ಎರಡೂ ತುದಿಯ ಹೋಸ್‌ಗಳನ್ನೂ ಬದಲಾಯಿಸಿ, ಬಿಸಿ ತಂಪಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಸ್ಪ್ರಿಂಗ್ ಕ್ಲಾಂಪ್‌ಗಳನ್ನು ಹಾಕಲಾಯಿತು. ಸೋರಿಕೆ ಮುಚ್ಚುವುದಾಗಿ ಹೇಳುವ ದ್ರವಗಳನ್ನು ಸುರಿಯುವ ಆಲೋಚನೆಯನ್ನು ನಾನು ಮಾಡಲಿಲ್ಲ, ಏಕೆಂದರೆ ಅವು ಹೀಟರ್ ಕೋರ್‌ನ ಸಣ್ಣ ನಾಳಗಳನ್ನೂ ಮುಚ್ಚಿಬಿಡಬಹುದು.

ಮುಚ್ಚಳವನ್ನು ಬೇರೆಯಾಗಿ ಪರೀಕ್ಷಿಸುವ ತುಂಡು ಈ ಕಿಟ್‌ನ ಅತ್ಯಂತ ಉಪಯುಕ್ತ ಭಾಗವೆಂದು ನನಗನಿಸಿತು. 1.1 ಬಾರ್‌ವರೆಗೆ ಹಿಡಿಯಬೇಕಿದ್ದ ನನ್ನ ಮುಚ್ಚಳ 0.7 ಬಾರ್‌ನಲ್ಲಿಯೇ ತೆರೆದುಕೊಳ್ಳುತ್ತಿತ್ತು. ಹಾಗಾಗಿ ಏರುದಾರಿಯಲ್ಲಿ ಎಂಜಿನ್ ಬಿಸಿಯಾದಾಗಲೆಲ್ಲ ಸ್ವಲ್ಪ ಕೂಲೆಂಟ್ ಅಲ್ಲಿಂದಲೂ ಹೊರಹೋಗುತ್ತಿತ್ತು. ಕೊಳವೆಯನ್ನಷ್ಟೇ ಬದಲಾಯಿಸಿದ್ದರೆ ಮಟ್ಟ ಇಳಿಯುವುದು ನಿಲ್ಲುತ್ತಿರಲಿಲ್ಲ.

ಆದರೆ ಈ ಸಾಧನ ಎಲ್ಲವನ್ನೂ ಹೇಳುವುದಿಲ್ಲ. ಲೋಹ ಬಿಸಿಯಾಗಿ ಹಿಗ್ಗಿದಾಗ ಮಾತ್ರ ಬಾಯಿಬಿಡುವ ಬಿರುಕು ತಣ್ಣಗಿನ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು. ಅಂತಹ ಕಡೆ ನೇರಳಾತೀತ ದೀಪದಲ್ಲಿ ಹೊಳೆಯುವ ಬಣ್ಣವನ್ನು ಕೂಲೆಂಟಿಗೆ ಬೆರೆಸಿ ಕಾರು ಓಡಿಸಿ ನೋಡುವುದು ಒಳ್ಳೆಯದು. ಒತ್ತಡ ಇಳಿಯುತ್ತಿದ್ದು ಹೊರಗೆಲ್ಲಿಯೂ ಹನಿ ಕಾಣದಿದ್ದರೆ ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ಟಿನ ಬಗ್ಗೆ ಯೋಚಿಸಬೇಕು. ಅದು ಹಾಳಾದಾಗ ಕೂಲೆಂಟಿಗೆ ಸೇರಬಹುದಾದ ದಹನದ ಅನಿಲ ತಾಗಿದರೆ ನೀಲಿಯಿಂದ ಹಳದಿಗೆ ತಿರುಗುವ ರಾಸಾಯನಿಕ ದ್ರವದ ಪರೀಕ್ಷೆ ಅದಕ್ಕೆ ಪ್ರತ್ಯೇಕವಾಗಿ ಸಿಗುತ್ತದೆ.

ದುರಸ್ತಿಯ ನಂತರ ಮರುಪರೀಕ್ಷೆಯಲ್ಲಿ ಮುಳ್ಳು ಅರ್ಧ ಗಂಟೆ ಕದಲಲಿಲ್ಲ. ಆಮೇಲೆ ಉದ್ದನೆಯ ಕೊಳವೆಗಳಲ್ಲಿ ಸಿಕ್ಕಿಕೊಳ್ಳುವ ಗಾಳಿಯನ್ನು ಹೊರತೆಗೆಯಲು ಬೇಕಾದಷ್ಟು ಸಮಯ ಕೊಡಬೇಕಾಯಿತು. ಹಿಡಿದಿಟ್ಟ ಹಳೆಯ ಕೂಲೆಂಟ್ ವಿಷಕಾರಿ. ಅದರ ಸಿಹಿ ರುಚಿಗೆ ಪ್ರಾಣಿಗಳು ನೆಕ್ಕುವ ಸಾಧ್ಯತೆ ಇರುವುದರಿಂದ ಮುಚ್ಚಿದ ಡಬ್ಬಿಯಲ್ಲಿಯೇ ಇಡಬೇಕು. ಈ ಬಗೆಯ ಕಿಟ್ ಕೊಳ್ಳುವವರು ಅಡಾಪ್ಟರ್‌ಗಳ ಸಂಖ್ಯೆಗೆ ಮರುಳಾಗದೆ, ತಮ್ಮ ಟ್ಯಾಂಕಿನ ಕುತ್ತಿಗೆಗೆ ಹೊಂದುವ ಒಂದು ಅಡಾಪ್ಟರ್ ಮತ್ತು ಅದೇ ಅಳತೆಯ ಮುಚ್ಚಳ ಪರೀಕ್ಷೆಯ ತುಂಡು ಅದರಲ್ಲಿ ಇವೆಯೇ ಎಂದು ನೋಡಿ, ಬದಲಿ ರಬ್ಬರ್ ಉಂಗುರಗಳನ್ನು ಅದರ ಜೊತೆಗೇ ಕೊಳ್ಳುವುದು ಉತ್ತಮ.