ಮೊದಲು ಕೈ, ಆಮೇಲೆ ಸ್ಕ್ಯಾನಿಂಗ್: ದಾವಣಗೆರೆಯ ಒಂದು ನರ್ಸಿಂಗ್ ಹೋಮಿನ ಅನುಭವ

ಹದಿನಾರು ವರ್ಷದ ಮಗನನ್ನು ಹೊಟ್ಟೆನೋವಿಗಾಗಿ ಕಳೆದ ತಿಂಗಳು ದಾವಣಗೆರೆಯ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದಿದ್ದೆ. ಹಿಂದಿನ ಸಂಜೆ ಹೊಕ್ಕುಳ ಸುತ್ತ ಕಾಣಿಸಿಕೊಂಡ ನೋವನ್ನು ನಾವು ಗ್ಯಾಸ್ಟ್ರಿಕ್ ಎಂದೇ ತಿಳಿದು ಓಮದ ಕಷಾಯ ಕುಡಿಸಿ ಮಲಗಿಸಿದ್ದೆವು. ಬೆಳಗಾಗುವಷ್ಟರಲ್ಲಿ ಅದು ಬಲಗಡೆಯ ಕಿಬ್ಬೊಟ್ಟೆಗೆ ಇಳಿದಿತ್ತು.

ಸರ್ಜನ್ ಮೊದಲು ವಿಚಾರಿಸಿದ್ದು ನೋವು ಹೀಗೆ ಜಾಗ ಬದಲಿಸಿದ್ದನ್ನೇ. ವಾಂತಿ ಮೊದಲೋ ನೋವು ಮೊದಲೋ, ಊಟ ಸೇರುತ್ತಿದೆಯೋ ಎಂದೆಲ್ಲ ಕೇಳಿದ ಮೇಲೆ, "ಬರುವಾಗ ರಸ್ತೆಯ ಹಂಪುಗಳಲ್ಲಿ ನೋವು ಹೆಚ್ಚಾಯಿತೇನಪ್ಪಾ?" ಎಂದರು. ಆಟೋದಲ್ಲಿ ಪ್ರತಿ ಹಂಪಿಗೂ ಅವನು ಹಲ್ಲು ಕಚ್ಚಿದ್ದನ್ನು ನಾನು ಕಂಡಿದ್ದೆ, ಆದರೆ ಅದೂ ಒಂದು ಲಕ್ಷಣವೆಂದು ಹೊಳೆದಿರಲಿಲ್ಲ.

ಬಳಿಕ ಮಂಡಿ ಮಡಚಿ ಮಲಗಿಸಿ, ಒತ್ತುವುದಕ್ಕೆ ಮುಂಚೆಯೇ ಸ್ಟೆತಸ್ಕೋಪ್ ಇಟ್ಟು ಕರುಳಿನ ಸದ್ದು ಆಲಿಸಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ನೋವಿಲ್ಲದ ಎಡಭಾಗದಿಂದ ಪರೀಕ್ಷೆ ಆರಂಭಿಸಿದರು. ಅವರ ಕಣ್ಣು ಹೊಟ್ಟೆಯ ಮೇಲಿರಲಿಲ್ಲ, ಮಗನ ಮುಖದ ಮೇಲಿತ್ತು. ಅಪೆಂಡಿಕ್ಸಿನ (ದೊಡ್ಡ ಕರುಳಿಗೆ ಅಂಟಿಕೊಂಡ ಪುಟ್ಟ ಬಾಲದಂಥ ಭಾಗ) ಉರಿಯೂತದಲ್ಲಿ ಎಡಗಡೆ ಒತ್ತಿದರೆ ಬಲಗಡೆ ನೋಯುವುದನ್ನು ಡೆನ್ಮಾರ್ಕಿನ ಸರ್ಜನ್ ರೋವ್ಸಿಂಗ್ 1907ರಲ್ಲಿ ವಿವರಿಸಿದರೆಂದೂ, ಸೊಂಟದ ಮೂಳೆಯ ಮುಂತುದಿಯಿಂದ ಹೊಕ್ಕುಳಿಗೆ ಎಳೆದ ಗೆರೆಯಲ್ಲಿ ಮೂರನೇ ಒಂದು ಭಾಗ ದೂರದಲ್ಲಿರುವ ಬಿಂದುವಿಗೆ 1889ರಲ್ಲಿ ಅದನ್ನು ಗುರುತಿಸಿದ ಅಮೆರಿಕದ ಸರ್ಜನ್ ಮೆಕ್‌ಬರ್ನಿಯ ಹೆಸರಿದೆಯೆಂದೂ ಕೇಳಿದ್ದಕ್ಕೆ ತಿಳಿಸಿದರು. ಆ ಬಿಂದುವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದ್ದೇ ತಡ, ಹೊಟ್ಟೆ ಹಲಗೆಯಂತೆ ಬಿಗಿಯಿತು.

ರಕ್ತಪರೀಕ್ಷೆಯಲ್ಲಿ ಬಿಳಿರಕ್ತಕಣ ಹೆಚ್ಚಿದ್ದುದನ್ನೂ ಸೇರಿಸಿ, ಲಕ್ಷಣಗಳಿಗೂ ರಕ್ತಪರೀಕ್ಷೆಗೂ ಅಂಕ ಕೊಡುವ, ಒಟ್ಟು ಹತ್ತು ಅಂಕಗಳ ಅಲ್ವರಾಡೋ ಲೆಕ್ಕದಲ್ಲಿ ಮಗನಿಗೆ ಎಂಟು ಬಂದಿತು; ಏಳು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪೆಂಡಿಕ್ಸಿನ ಉರಿಯೂತದ ಸಂಶಯ ಬಲವಾಗುತ್ತದೆ. ಸ್ಕ್ಯಾನಿಂಗ್ ಅದನ್ನೇ ದೃಢಪಡಿಸಿತು. ಅದೇ ರಾತ್ರಿ ಕೀಹೋಲ್ ಶಸ್ತ್ರಚಿಕಿತ್ಸೆಯಾಗಿ ಮೂರನೆಯ ದಿನ ಮನೆಗೆ ಬಂದೆವು.

ಆಕ್ಷೇಪಗಳೂ ಇವೆ. ಸ್ಕ್ಯಾನಿಂಗಿಗೆ ಎರಡೂವರೆ ಗಂಟೆ ಕಾಯಬೇಕಾಯಿತು, ಮಲಗಲು ಒಂದು ಬೆಂಚೂ ಇರಲಿಲ್ಲ. ರೋಗನಿರ್ಣಯ ಮುಗಿಯುವ ತನಕ ನೋವಿನ ಇಂಜೆಕ್ಷನ್ ಕೊಡುವಂತಿಲ್ಲವೆಂದು ಡ್ಯೂಟಿ ಡಾಕ್ಟರ್ ಹಟ ಹಿಡಿದರು. ಅದು ಹಳೆಯ ನಂಬಿಕೆ, ಕೊಟ್ಟರೆ ರೋಗ ಮರೆಯಾಗುವುದಿಲ್ಲ ಎಂದು ಸರ್ಜನ್ ಬಂದೇ ಹೇಳಬೇಕಾಯಿತು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದವರಿಗೆ ನೀರೂ ಕೊಡಬಾರದೆಂದು ಬಾಗಿಲಲ್ಲಿ ಯಾರೂ ಎಚ್ಚರಿಸಲಿಲ್ಲ, ನಾನು ಎಳನೀರು ಕುಡಿಸಿಬಿಟ್ಟಿದ್ದೆ. ಅಡ್ವಾನ್ಸ್ ಹಣಕ್ಕೆ ರಸೀದಿಯನ್ನು ಕೇಳಿಯೇ ಪಡೆಯಬೇಕು.