ದಂಡ ಕಟ್ಟುವುದೋ, ಕೋರ್ಟ್ ಮೆಟ್ಟಿಲು ಹತ್ತುವುದೋ?

ಹೆಲ್ಮೆಟ್ ಇಲ್ಲದ ಸವಾರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುವ ದಂಡ 1,000 ರೂಪಾಯಿ. ಕಲಂ 200ರ ಪ್ರಕಾರ ಕೋರ್ಟಿನ ಹೊರಗೇ ರಾಜಿಯಾಗುವವರಿಗೆ ಕರ್ನಾಟಕ ಅದೇ ವರ್ಷ ಅದನ್ನು 500ಕ್ಕೆ ಇಳಿಸಿತು. ತಪ್ಪು ನಿಮ್ಮದೇ ಆಗಿದ್ದರೆ ಕಟ್ಟಿ ರಸೀದಿ ಪಡೆಯುವುದೇ ಲಾಭ. ಕೋರ್ಟಿನಲ್ಲಿ ಈ ಇಳಿಕೆ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ, ದಿನದ ಕೂಲಿಯೂ ಹೋಗುತ್ತದೆ. 2023ರ ಫೆಬ್ರವರಿಯಂತೆ ಮತ್ತೆ ಅರ್ಧ ರಿಯಾಯಿತಿ ಬರಲಿ ಎಂದು ಕಾಯುವವರೂ ಇದ್ದಾರೆ. ಕಾನೂನು ಪಾಲಿಸಿದವನಿಗೆ ಯಾವ ರಿಯಾಯಿತಿಯೂ ಇಲ್ಲವಲ್ಲ!

ತಪ್ಪು ನಿಮ್ಮದಲ್ಲದಿದ್ದರೆ ಮಾತು ಬೇರೆ. ನೋಟಿಸಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿ: ಕೆಸರು ಮೆತ್ತಿದ 3 ಅನ್ನು 8 ಎಂದು ಓದಿರಬಹುದು, ಸ್ಕೂಟರಿನ ಬಣ್ಣವೇ ಬೇರೆಯಿರಬಹುದು. ಮೊದಲು ಸಂಚಾರ ಪೊಲೀಸರಿಗೆ ಆಕ್ಷೇಪಣೆ ಕೊಡಿ; ಅವರು ಒಪ್ಪದಿದ್ದರೆ ಕೋರ್ಟ್. ಹಣ ಕಟ್ಟಿದ ಮೇಲೆ ವಾದಕ್ಕೆ ಬಲವಿರುವುದಿಲ್ಲ.

ಕುಡಿದು ಓಡಿಸಿದವರಿಗೆ ಈ ಆಯ್ಕೆಯೇ ಇಲ್ಲ. ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ, ತೀರ್ಮಾನ ನ್ಯಾಯಾಧೀಶರದ್ದು. ಅಪಘಾತದಲ್ಲಿ ಯಾರಿಗಾದರೂ ಗಾಯವಾದರೆ ಚಲನ್ ಮಾತು ಬದಿಗಿರಲಿ, ಮೊದಲು ಆಸ್ಪತ್ರೆ. ಪೊಲೀಸರಿಗೆ ತಿಳಿಸಲು ಕಲಂ 134 ಕೊಡುವ ಗಡುವು 24 ಗಂಟೆ.