ಹಾಲು ಬಿಟ್ಟ ಮೇಲೆ ಯಾವ ಟೀ?

ಎರಡು ತಿಂಗಳ ಹಿಂದೆ ಹಾಲು ಬಿಟ್ಟೆ. ಹೊಟ್ಟೆಗೆ ಆಗಿಬರುತ್ತಿರಲಿಲ್ಲ, ಅಷ್ಟೇ. ಮೊಸರು, ಪಾಯಸ ಬಿಡೋದು ಅಷ್ಟೇನೂ ಕಷ್ಟ ಆಗಲಿಲ್ಲ. ಸಿಕ್ಕಿಬಿದ್ದದ್ದು ಬೆಳಗಿನ ಟೀ ಹತ್ತಿರ. ಹದಿನೈದು ವರ್ಷದಿಂದ ತರುತ್ತಿದ್ದ ಅದೇ ಡಸ್ಟ್ ಪುಡಿ, ಅದೇ ಪಾತ್ರೆ, ಅದೇ ಕುದಿ, ಹಾಲು ಮಾತ್ರ ಇಲ್ಲ. ಒಂದು ಗುಟುಕಿಗೇ ನಾಲಿಗೆ ಎಳೆದುಕೊಂಡಿತು. ದೋರೆ ನೇರಳೆ ಕಚ್ಚಿದ ಹಾಗೆ ಒಗರು.

ಸರಿ, ಬೇರೆ ನೋಡೋಣ ಅಂತ ಮೂರು ಬಗೆಯ ಎಲೆ ಟೀ ತರಿಸಿದೆ. ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿ. ಅಡುಗೆಮನೆ ತಕ್ಕಡಿಯಲ್ಲಿ 2 ಗ್ರಾಂ ತೂಗಿ, ಒಂದು ಸ್ಟೀಲ್ ಲೋಟ ನೀರಿಗೆ ಹಾಕಿ, ಮುಚ್ಚಿಟ್ಟು, ಸೋಸಿ ಕುಡಿದೆ. ಸಕ್ಕರೆ ಇಲ್ಲ. ಆಗ ಧಾರವಾಡದಿಂದ ಅವ್ವನೂ ಬಂದಿದ್ದಳು. ಅವಳಿಗೆ ಹಾಲಿಲ್ಲದ್ದು ಚಹಾನೇ ಅಲ್ಲ.

ಮೊದಲು ಮನೆಯ ಪುಡಿಯ ವಿಷಯ. ಅದು ಸಿಟಿಸಿ ಟೀ. ಹಲ್ಲಿರುವ ಎರಡು ರೋಲರ್ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿಸುತ್ತಾರೆ. ಅಸ್ಸಾಂನಲ್ಲಿ 1930ರ ಸುಮಾರಿಗೆ ಶುರುವಾದ ಯಂತ್ರ ಅದು. ಎಲೆ ಸಾಸಿವೆಯಂಥ ಕಾಳಾಗುತ್ತದೆ, ಇನ್ನೂ ಸಣ್ಣದಾದರೆ ಡಸ್ಟ್. ಕಾಳು ಸಣ್ಣದಾದಷ್ಟೂ ರಸ ಬೇಗ ಬಿಡುತ್ತದೆ. ಅದಕ್ಕೇ ಆ ಬಣ್ಣ, ಆ ಕಡಕ್. ಹಾಲು ಹಾಕಿದಾಗ ಹಾಲಿನ ಪ್ರೋಟೀನ್ ಆ ಒಗರನ್ನು ಹಿಡಿದುಕೊಳ್ಳುತ್ತದೆ, ನಾಲಿಗೆಗೆ ತಾಗಲು ಬಿಡೋದಿಲ್ಲ. ನಾನು ಹಾಲನ್ನು ತೆಗೆದೆ, ಒಗರು ಬಯಲಾಯಿತು. ಪುಡಿಯದ್ದೇನೂ ತಪ್ಪಿಲ್ಲ. ಕುದಿಸದೆ ಬಿಸಿನೀರಲ್ಲಿ ಒಂದೇ ನಿಮಿಷ ಬಿಟ್ಟು ಸೋಸಿದರೆ ಕುಡಿಯುವ ಹಾಗಿರುತ್ತದೆ. ಆದರೆ ಬರೀ ಬಣ್ಣ, ಪರಿಮಳ ಏನೂ ಇಲ್ಲ.

ಅಸ್ಸಾಂ ಎಲೆ ಟೀ ತೆರೆದಾಗ ಕಪ್ಪು ಎಲೆ ನಡುವೆ ಅಲ್ಲಲ್ಲಿ ಚಿನ್ನದ ಬಣ್ಣದ ಚಿಗುರು ಕಂಡಿತು. ಇದನ್ನು ಅರೆಯೋದಿಲ್ಲ, ಉರುಳಿಸಿ ಹೊಸೆಯುತ್ತಾರೆ. ಆರ್ಥೊಡಾಕ್ಸ್ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಬ್ರಹ್ಮಪುತ್ರದ ಬಯಲು, ಸೆಖೆ, ಜೋರು ಮಳೆ, ದೊಡ್ಡ ಎಲೆಯ ಅಸ್ಸಾಂ ತಳಿ. ಇದರ ರುಚಿಗೆ ಮಾಲ್ಟ್ ಅನ್ನುತ್ತಾರೆ. ನನಗೆ ಅದು ಅರ್ಥವಾದದ್ದು ಲೋಟ ಮೂಗಿನ ಹತ್ತಿರ ತಂದಾಗ. ಮೊಳಕೆ ಬರಿಸಿದ ರಾಗಿ ಹುರಿಯುವಾಗ ಮನೆಯೆಲ್ಲ ತುಂಬುತ್ತದಲ್ಲ, ಅದೇ ವಾಸನೆ! ಮೂರು ನಿಮಿಷಕ್ಕೆ ಸೋಸಿದರೆ ತುಂಬಿದ ರುಚಿ. ಐದಾಯಿತೋ, ಮತ್ತೆ ಒಗರು. ಹಾಲು ಬಿಟ್ಟ ಮೊದಲ ವಾರ ಕಡಕ್ ಬೇಕು ಅನ್ನಿಸುವವರಿಗೆ ಇದೇ ಸರಿ.

ಡಾರ್ಜಿಲಿಂಗ್ ಜೊತೆ ನನ್ನ ಕಥೆ ಸ್ವಲ್ಪ ಉದ್ದ. ತಂದದ್ದು ಸೆಕೆಂಡ್ ಫ್ಲಶ್, ಅಂದರೆ ಮೇ-ಜೂನ್‌ನಲ್ಲಿ ಕಿತ್ತ ಎಲೆ. ಬೆಲೆ ನೋಡಿ 50 ಗ್ರಾಂ ಮಾತ್ರ ತಂದಿದ್ದೆ. ಮೊದಲ ದಿನ ಅಭ್ಯಾಸಬಲದಿಂದ ಕೊತಕೊತ ಕುದಿಸಿಬಿಟ್ಟೆ. ಕಹಿ. ಮರುದಿನ ನೀರು ಕುದ್ದ ಮೇಲೆ ಇಳಿಸಿ, ಒಂದು ನಿಮಿಷ ಆರಲು ಬಿಟ್ಟು, ಆಮೇಲೆ ಎಲೆ ಹಾಕಿದೆ. ತೆಳು ಜೇನಿನ ಬಣ್ಣ ಬಂತು. ಒಣದ್ರಾಕ್ಷಿ ಡಬ್ಬಿ ಮುಚ್ಚಳ ತೆಗೆದ ಹಾಗೆ ಪರಿಮಳ. ಈ ಪರಿಮಳದ ಹಿಂದೆ ಹುಳದ ಕೈವಾಡವೂ ಇದೆ. ಸಣ್ಣ ಜಿಗಿಹುಳ ಚಿಗುರಿನ ರಸ ಹೀರುತ್ತದೆ. ಗಿಡ ಅದಕ್ಕೆ ಎದುರಾಗಿ ಹೊರಡಿಸುವ ವಸ್ತುಗಳೇ ಕೊನೆಗೆ ಲೋಟದಲ್ಲಿ ಘಮ್ ಅನ್ನೋದು. ಅವ್ವನಿಗೂ ಒಂದು ಲೋಟ ಕೊಟ್ಟೆ. “ಏನವಾ ಇದು, ಬಿಸಿನೀರ ಕೊಟ್ಟೀಯಲ್ಲ?” ಅಂದಳು.

ಅವಳ ಮಾತಲ್ಲಿ ಅರ್ಧ ಸತ್ಯ ಇತ್ತು. ಒಗ್ಗರಣೆ ಅವಲಕ್ಕಿ ತಿಂದು ಮೇಲೆ ಇದನ್ನು ಕುಡಿದರೆ ಬಾಯಿಗೆ ಏನೂ ಗೊತ್ತಾಗೋದಿಲ್ಲ. ಸಂಜೆ ಸುಮ್ನೆ ಕೂತು, ಬರೀ ಬಾಯಲ್ಲಿ ಕುಡಿಯಬೇಕು. ಮೂರನೇ ವಾರ ಇನ್ನೊಂದು ಯಡವಟ್ಟಾಯಿತು. ತೆರೆದ ಪ್ಯಾಕೆಟ್ಟನ್ನು ಇಂಗಿನ ಡಬ್ಬಿ ಪಕ್ಕ ಇಟ್ಟಿದ್ದೆ. ಟೀ ಎಲೆ ಸುತ್ತಲಿನ ವಾಸನೆ ಎಲ್ಲ ಎಳೆದುಕೊಳ್ಳುತ್ತದೆ ಅಂತ ಓದಿದ್ದೆ, ಅವತ್ತು ಕುಡಿದು ತಿಳಿದುಕೊಂಡೆ. ಅಷ್ಟು ದುಡ್ಡಿನ ಟೀ, ಸಾರಿನ ವಾಸನೆ!

ಶ್ರೀಲಂಕಾದ ಟೀ ಕೂಡ ಒಂದೆರಡು ಸಲ ಸಿಕ್ಕಿತು, ಆಫೀಸಿನವರೊಬ್ಬರು ಕೊಲಂಬೊದಿಂದ ತಂದದ್ದು. ಕಿತ್ತಳೆ ಬಣ್ಣ, ಚುರುಕು ರುಚಿ, ನಿಂಬೆ ಹಿಂಡಿದರೆ ಚೆನ್ನ. ಕಾಫಿ ನಾಡಾಗಿದ್ದ ದ್ವೀಪ ಅದು. ಎಲೆ ತುಕ್ಕು ರೋಗ ಬಂದು ಕಾಫಿ ಹಾಳಾದ ಮೇಲೆ ಟೀ ಹಿಡಿಯಿತು. ಎರಡು ಲೋಟ ಕುಡಿದು ತೀರ್ಪು ಕೊಡೋದು ಸರಿಯಲ್ಲ, ಬಿಡಿ.

ನೀಲಗಿರಿಯಿಂದ ನಾನು ಜಾಸ್ತಿ ಏನೂ ನಿರೀಕ್ಷಿಸಿರಲಿಲ್ಲ. ಮೈಸೂರಿಂದ ಊಟಿಗೆ ಹೋಗುವಾಗ ಗೂಡಲೂರು ದಾಟಿದರೆ ಬಸ್ಸಿನ ಕಿಟಕಿಯಲ್ಲೇ ಕಾಣುವ ತೋಟಗಳು, ಪಕ್ಕದ ಮನೆ ಇದ್ದ ಹಾಗೆ. ಪಕ್ಕದ ಮನೆಯದ್ದಕ್ಕೆ ಬೆಲೆ ಕಡಿಮೆ ಅಲ್ವಾ? ಡಾರ್ಜಿಲಿಂಗ್‌ನಲ್ಲಿ ಚಳಿಗಾಲ ಗಿಡ ಮಲಗುತ್ತದೆ, ಇಲ್ಲಿ ವರ್ಷವಿಡೀ ಕೀಳುತ್ತಾರೆ. ಡಿಸೆಂಬರ್-ಜನವರಿಯ ಕೊರೆಯುವ ಚಳಿಯ ಎಲೆಗೆ ಪರಿಮಳ ಜಾಸ್ತಿ, ಬೆಲೆಯೂ ಜಾಸ್ತಿ. ನಾನು ತಂದದ್ದು ಕೂನೂರಿನ ಸಾದಾ ಎಲೆ.

ಒಂದು ದಿನ ಅಸ್ಸಾಂ, ನೀಲಗಿರಿ ಎರಡನ್ನೂ ಗಾಜಿನ ಲೋಟಕ್ಕೆ ಬಗ್ಗಿಸಿ ಪಕ್ಕಪಕ್ಕ ಇಟ್ಟೆ. ಅಷ್ಟರಲ್ಲಿ ಫೋನ್ ಬಂತು. ವಾಪಸ್ ಬಂದಾಗ ಅರ್ಧ ಗಂಟೆ ಮೇಲಾಗಿತ್ತು. ಅಸ್ಸಾಂ ಮಳೆಗಾಲದ ಹೊಳೆ ನೀರಿನ ಹಾಗೆ ಬಗ್ಗಡ. ಟೀಯೊಳಗಿನ ಕೆಫೀನ್ ಮತ್ತು ಒಗರಿನ ಅಂಶ ಆರುತ್ತಾ ಆರುತ್ತಾ ಕೂಡಿಕೊಂಡು ಹೀಗಾಗುತ್ತದೆ. ನೀಲಗಿರಿ ಮಾತ್ರ ತಿಳಿಯಾಗಿಯೇ ಇತ್ತು, ಲೋಟದ ತಳ ಕಾಣುತ್ತಿತ್ತು. ಐಸ್ ಟೀಗೆ ಇದನ್ನೇ ಯಾಕೆ ಕೇಳುತ್ತಾರೆ ಅಂತ ಆಗ ಗೊತ್ತಾಯಿತು. ಇನ್ನೊಂದು ಸಲ ಸೋಸೋದನ್ನೇ ಮರೆತು ಏಳು ನಿಮಿಷ ಬಿಟ್ಟಿದ್ದೆ. ಸ್ವಲ್ಪ ಬಿರುಸಾಯಿತು, ಆದರೂ ನಾಲಿಗೆ ಎಳೆಯಲಿಲ್ಲ. ನನ್ನಂಥ ಮರೆಗುಳಿಗೆ ಇದಕ್ಕಿಂತ ದೊಡ್ಡ ಗುಣ ಬೇಕಾ? ಡಾರ್ಜಿಲಿಂಗ್‌ನ ಪರಿಮಳ ಇದಕ್ಕಿಲ್ಲ, ಅಸ್ಸಾಂನ ಮೈಕಟ್ಟೂ ಇಲ್ಲ. ದಿನಾ ಮೂರು ಲೋಟ ಕುಡಿಯಲು ಮಾತ್ರ ಇದೇ.

ಈಗ ನೀಲಗಿರಿ ಒಲೆ ಪಕ್ಕ ಇದೆ, ಅಸ್ಸಾಂ ಮೇಲಿನ ಶೆಲ್ಫಲ್ಲಿ. ಡಾರ್ಜಿಲಿಂಗ್ ಹೊಸ ಪ್ಯಾಕೆಟ್ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ದೇವರ ಮನೆ ಕಪಾಟಿನಲ್ಲಿ. ಊದುಬತ್ತಿಯಿಂದ ದೂರ ಇಟ್ಟಿದ್ದೇನೆ, ಗಾಬರಿಯಾಗಬೇಡಿ. ಊರಿಗೆ ಹೊರಡುವ ದಿನ ಅವ್ವನಿಗೆ ನೀಲಗಿರಿಗೆ ಚೂರು ಬೆಲ್ಲ, ಜಜ್ಜಿದ ಶುಂಠಿ ಹಾಕಿ ಕೊಟ್ಟೆ. ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು.

“ಕುಡೀಲಿಕ್ಕ ಅಡ್ಡಿ ಇಲ್ಲ. ಆದ್ರ ಇದಕ್ಕ ಚಹಾ ಅನಬ್ಯಾಡ.”